ದಾರಿ ಬದಲಿಸುವ ವೈದ್ಯವಿದ್ಯಾರ್ಥಿ

ಮಕ್ಕಳು ಯಾವ ವಿದ್ಯೆಯನ್ನು ಕಲಿಯಬೇಕೆಂಬ ಪ್ರಶ್ನೆಯು ಮನೆಯ ಹಿರಿಯರಿಗೆ ಒಂದೇ ಸಲ ಬರುವದೆಂದು ನಾವು ತಿಳಿದಿರುತ್ತೇವೆ. ಹತ್ತನೆಯ ತರಗತಿ ಮುಗಿದಾಗಲೋ, ಪಿ.ಯು. ಪರೀಕ್ಷೆಯ ಫಲ ಬಂದಾಗಲೋ ಅದನ್ನು ಎದುರಿಸಿ, ನಾಲ್ಕು ಜನ ಬಲ್ಲವರನ್ನು ಕೇಳಿ, ಒಂದು ನಿರ್ಧಾರಕ್ಕೆ ಬಂದು, ಇನ್ನು ಮೇಲೆ ಕಾಲಕಾಲಕ್ಕೆ ಶುಲ್ಕವನ್ನು ತುಂಬುವದಷ್ಟೇ ನಮ್ಮ ಪಾಲಿನ ಕೆಲಸವೆಂದು ನೆಮ್ಮದಿಯಿಂದಿರುತ್ತೇವೆ. ಆದರೆ ವೈದ್ಯವಿದ್ಯೆಗೆ ಮಕ್ಕಳನ್ನು ಕಳುಹಿಸಿದ ಮನೆಗಳಲ್ಲಿ ಈ ಪ್ರಶ್ನೆಯು ಎರಡನೆಯ ಸಲ ಬರುತ್ತದೆ. ಬಂದಾಗ ಅದು ಮೊದಲಿಗಿಂತ ಕಠಿಣವಾಗಿರುತ್ತದೆ. ಏಕೆಂದರೆ ಆ ಹೊತ್ತಿಗೆ ಹಣವು ಬಹಳಷ್ಟು ವೆಚ್ಚವಾಗಿರುತ್ತದೆ, ವಯಸ್ಸು ಏರಿರುತ್ತದೆ, ಊರವರ ಮುಂದೆ ಒಂದು ಮಾತನ್ನು ಆಡಿಬಿಟ್ಟಿರುತ್ತೇವೆ.

ಬ್ಯಾಡಗಿಯ ಒಂದು ಮನೆಯನ್ನು ಎಣಿಸಿಕೊಳ್ಳೋಣ. ಯಜಮಾನರದು ಮೆಣಸಿನಕಾಯಿಯ ದಲಾಲಿ ಅಂಗಡಿ. ಮಗಳು ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಓದುತ್ತಾಳೆ. ಮೊದಲ ವರುಷದಿಂದಲೂ ಆಕೆ ಹೃದ್ರೋಗದ ತಜ್ಞಳಾಗುವೆನೆಂದು ಹೇಳುತ್ತ ಬಂದಿದ್ದಾಳೆ; ಅಂಗಡಿಗೆ ಬಂದವರಿಗೆಲ್ಲ ತಂದೆಯೂ ಅದನ್ನೇ ಹೇಳಿದ್ದಾರೆ. ಇಂಟರ್ನ್‌ಶಿಪ್ಪಿನ ವರುಷದಲ್ಲಿ ದೀಪಾವಳಿಗೆ ಮನೆಗೆ ಬಂದವಳು, “ಅಪ್ಪಾ, ನನಗ ಹೃದಯದ ಕಡೆ ಮನಸ್ಸು ಉಳಿದಿಲ್ಲ, ನರದ ವಿದ್ಯಾ ಕಲೀಬೇಕಂತ ಮಾಡೀನಿ” ಎನ್ನುತ್ತಾಳೆ. ತಂದೆಯವರು ಸುಮ್ಮನಾಗುತ್ತಾರೆ. ಅಜ್ಜಿಯವರು, “ಹಂಗಾದರ ಇಷ್ಟು ವರ್ಷ ಹೇಳಿದ್ದೆಲ್ಲಾ ಏನಾತವಾ?” ಎಂದು ಕೇಳುತ್ತಾರೆ. ಇದು ಕಲ್ಪನೆಯ ಮನೆ. ಆದರೂ ಹಾವೇರಿ, ರಾಣೆಬೆನ್ನೂರುಗಳಲ್ಲಿಯೂ ಇಂಥ ಪ್ರಸಂಗವು ನಡೆಯಲಾರದೆಂದು ಯಾರೂ ಹೇಳಲಾರರು. 2022ರಲ್ಲಿ ಹಾವೇರಿಯಲ್ಲಿಯೇ ಸರಕಾರಿ ವೈದ್ಯಕೀಯ ಕಾಲೇಜು ಪ್ರಾರಂಭವಾದ ಮೇಲಂತೂ ನಮ್ಮ ಜಿಲ್ಲೆಯ ಮನೆಗಳಿಗೆ ಇದು ದೂರದ ವಿಷಯವಾಗಿ ಉಳಿದಿಲ್ಲ.

ತಡವಾಗಿ ಹುಟ್ಟಿದ ಇಂಥ ಆಸಕ್ತಿಯು ಚಂಚಲತೆಯೋ, ವಿವೇಕವೋ? ಅದನ್ನು ಮನೆಯವರು ಹೇಗೆ ಅರಿಯಬೇಕು? ಅದರಿಂದ ಆಗುವ ಹಾನಿ ಎಷ್ಟು? ಈ ಮೂರು ಮಾತುಗಳನ್ನು ವಾಚಕರೊಡನೆ ವಿಚಾರ ಮಾಡುವದೇ ಈ ಲೇಖನದ ಉದ್ದೇಶ.

ನರವಿದ್ಯೆಯ ಸ್ವರೂಪ

ಮಿದುಳು, ಬೆನ್ನುಹುರಿ, ಅವುಗಳಿಂದ ದೇಹದ ತುಂಬೆಲ್ಲ ಹರಡಿದ ನರಗಳು ಮತ್ತು ಅವು ಆಳುವ ಸ್ನಾಯುಗಳು—ಇವುಗಳ ರೋಗಗಳನ್ನು ಶಸ್ತ್ರವಿಲ್ಲದೆ ಗುರುತಿಸಿ ಗುಣಪಡಿಸುವ ವಿದ್ಯೆಗೆ ನ್ಯೂರಾಲಜಿ ಎಂದು ಹೆಸರು. ಲಕ್ವ ಹೊಡೆಯುವದು, ಫಿಟ್ಸ್ ಬರುವದು, ಕೈ ನಡುಗುವದು, ನೆನಪು ಅಳಿಯುವದು, ಬಿಡದ ತಲೆನೋವು, ಪಾದಗಳಲ್ಲಿ ಜೋಮು ಇವೆಲ್ಲ ಅದರ ಅಂಗಳಕ್ಕೆ ಸೇರಿದವು. ಮಿದುಳಿನ ಮೇಲೆ ಶಸ್ತ್ರಕ್ರಿಯೆ ಮಾಡುವ ನ್ಯೂರೋಸರ್ಜರಿಯು ಬೇರೆ. ಮನೋರೋಗಗಳನ್ನು ನೋಡುವ ಸೈಕಿಯಾಟ್ರಿಯು ಬೇರೆ. ನಮ್ಮ ಮನೆಗಳಲ್ಲಿ ಈ ಮೂರನ್ನೂ ಒಂದೇ ಎಂದು ತಿಳಿಯುವ ರೂಢಿಯುಂಟು. ಮಗಳು ನರವಿದ್ಯೆಯನ್ನು ಕಲಿಯುವೆನೆಂದರೆ ಹುಚ್ಚರ ಆಸ್ಪತ್ರೆಗೆ ಹೋಗುವಳೆಂದು ತಾಯಿಯು ಹೆದರುವದು ಈ ಗೊಂದಲದಿಂದಲೇ.

ನರಗಳ ಕೆಲಸ ಎಂಥದೆಂಬದನ್ನು ತಿಳಿಯಲು ಬ್ಯಾಡಗಿಯವರು ದೂರ ಹೋಗಬೇಕಾಗಿಲ್ಲ. ಮೆಣಸಿನಕಾಯಿ ತಿಂದಾಗ ಬಾಯಿ ಸುಟ್ಟಿತೆನ್ನುತ್ತೇವೆ. ನಿಜವಾಗಿ ಅಲ್ಲಿ ಬೆಂಕಿಯೂ ಇಲ್ಲ, ಸುಟ್ಟ ಗಾಯವೂ ಇಲ್ಲ. ಅದರಲ್ಲಿರುವ ಕ್ಯಾಪ್ಸೇಸಿನ್ ಎಂಬ ದ್ರವ್ಯವು ನರದ ತುದಿಯಲ್ಲಿರುವ ಒಂದು ಸೂಕ್ಷ್ಮ ದ್ವಾರವನ್ನು ತೆರೆಯುತ್ತದೆ. ಬಿಸಿ ತಾಗಿದಾಗ ತೆರೆಯುವ ದ್ವಾರವೂ ಅದೇ. ಎರಡೂ ಸಮಾಚಾರಗಳು ಒಂದೇ ಬಾಗಿಲಿನಿಂದ ಹೋಗುವದರಿಂದ ಮಿದುಳು ಖಾರವನ್ನು ಉರಿಯೆಂದೇ ತಿಳಿಯುತ್ತದೆ. ಈ ದ್ವಾರವನ್ನು ಅಮೇರಿಕದ ಡೇವಿಡ್ ಜೂಲಿಯಸ್ ಅವರು 1997ರಲ್ಲಿ ಕಂಡುಹಿಡಿದರು. 2021ರಲ್ಲಿ ಅವರಿಗೂ ಸ್ಪರ್ಶಜ್ಞಾನದ ಮೇಲೆ ಕೆಲಸ ಮಾಡಿದ ಆರ್ಡೆಮ್ ಪಟಪೌಟಿಯನ್ ಅವರಿಗೂ ಕೂಡಿ ನೊಬೆಲ್ ಬಹುಮಾನ ದೊರೆಯಿತು. ನಮ್ಮ ಬ್ಯಾಡಗಿಯ ಕಾಯಿ ಖಾರಕ್ಕಿಂತ ಕೆಂಪು ಬಣ್ಣಕ್ಕೇ ಹೆಸರಾದದ್ದು ನಿಜ. ಆದರೂ ಅದೇ ಜಾತಿಯ ಖಾರವು ಇಂದು ಔಷಧಿಯಾಗಿದೆ. ಸರ್ಪಸುತ್ತು ಮಾಯ್ದ ಮೇಲೂ ಉಳಿಯುವ ನರದ ಉರಿಗೆ ಕ್ಯಾಪ್ಸೇಸಿನ್ ಪಟ್ಟಿಯನ್ನು ಅಂಟಿಸುವ ಚಿಕಿತ್ಸೆಯುಂಟು. ಎಲ್ಲಿ ನೋಯುತ್ತದೆಂದು ರೋಗಿ ಹೇಳಿದರೆ ಸಾಲದು. ಆ ನೋವು ಎಲ್ಲಿಂದ ಹುಟ್ಟಿತೆಂಬದನ್ನು ತರ್ಕದಿಂದ ಹುಡುಕುವದೇ ಈ ವಿದ್ಯೆಯ ಜೀವಾಳವಾಗಿದೆ.

ಮನಸ್ಸು ತಡವಾಗಿ ಏಕೆ ಹೊರಳುವದು?

ಎಂ.ಬಿ.ಬಿ.ಎಸ್. ಶಿಕ್ಷಣವು ನಾಲ್ಕೂವರೆ ವರುಷಗಳದು. ಅದರ ಮೇಲೆ ಒಂದು ವರುಷದ ಇಂಟರ್ನ್‌ಶಿಪ್. ಈ ಅವಧಿಯಲ್ಲಿ ನ್ಯೂರಾಲಜಿಯು ಸ್ವತಂತ್ರ ವಿಷಯವಾಗಿ ಬರುವದಿಲ್ಲ. ಮೊದಲ ವರುಷದಲ್ಲಿ ಮಿದುಳಿನ ರಚನೆಯನ್ನು ವಿದ್ಯಾರ್ಥಿಯು ಬಾಯಿಪಾಠ ಮಾಡುತ್ತಾನೆ. ಅನೇಕರಿಗೆ ಅದು ಅರ್ಥವಾಗದ ಹೆಸರುಗಳ ಕಾಡಾಗಿ ತೋರುತ್ತದೆ. ಮುಂದೆ ಜನರಲ್ ಮೆಡಿಸಿನ್ನಿನ ಒಂದು ಭಾಗವಾಗಿ ಅದು ತಿರುಗಿ ಬರುವಷ್ಟರಲ್ಲಿ ಹಳೆಯ ಭಯವು ಬೇರೂರಿರುತ್ತದೆ. ಈ ಭಯವು ನಮ್ಮ ದೇಶದ್ದಷ್ಟೇ ಅಲ್ಲ. ರಾಲ್ಫ್ ಜೋಝೆಫೊವಿಚ್ ಎಂಬ ಅಮೇರಿಕದ ನರವೈದ್ಯರು 1994ರಲ್ಲಿ ಇದಕ್ಕೆ ‘ನ್ಯೂರೋಫೋಬಿಯಾ’ ಎಂದು ಹೆಸರನ್ನೇ ಇಟ್ಟರು.

ಪುಸ್ತಕದಲ್ಲಿ ಹೆದರಿಸಿದ ವಿಷಯವೇ ವಾರ್ಡಿನಲ್ಲಿ ಮೋಹಿಸುವದುಂಟು. ಒಬ್ಬ ರೈತನು ಬಲಗೈ ಬಿದ್ದುಹೋಗಿ, ಮಾತು ನಿಂತು ಬರುತ್ತಾನೆ. ಹಿರಿಯ ವೈದ್ಯರು ಒಂದು ಸಣ್ಣ ಸುತ್ತಿಗೆ, ಒಂದು ದೀಪ, ಒಂದು ಗುಂಡುಸೂಜಿ ಇಷ್ಟೇ ಸಾಧನಗಳಿಂದ ಅವನನ್ನು ಪರೀಕ್ಷಿಸಿ, ಮಿದುಳಿನ ಎಡಬದಿಯ ಇಂಥ ಕಡೆಗೆ ರಕ್ತವು ತಡೆದಿದೆಯೆಂದು ಹೇಳುತ್ತಾರೆ. ಸಿ.ಟಿ. ಚಿತ್ರವು ಬಂದಾಗ ಅವರ ಮಾತು ನಿಜವಾಗಿರುತ್ತದೆ. ಇದನ್ನು ಕಣ್ಣಾರೆ ಕಂಡ ವಿದ್ಯಾರ್ಥಿಗೆ ಮೊದಲ ವರುಷದ ಬಾಯಿಪಾಠಕ್ಕೆಲ್ಲ ಒಮ್ಮೆಲೆ ಅರ್ಥ ಬರುತ್ತದೆ. ಇಂಥ ಅನುಭವವು ನಾಲ್ಕನೆಯ ವರುಷದಲ್ಲಿಯೋ ಇಂಟರ್ನ್‌ಶಿಪ್ಪಿನಲ್ಲಿಯೋ ದೊರೆಯುವದಾದ್ದರಿಂದ ಮನಸ್ಸೂ ಆಗಲೇ ಹೊರಳುತ್ತದೆ. ಕಾಣದ ವಸ್ತುವನ್ನು ಮೊದಲೇ ಆರಿಸಲಿಲ್ಲವೆಂದು ಮಗುವನ್ನು ದೂರುವದು ನ್ಯಾಯವಲ್ಲ.

ವಿದ್ಯೆಯೂ ಬದಲಾಗಿದೆ. ರೋಗದ ಹೆಸರನ್ನು ಜಾಣತನದಿಂದ ಹೇಳಿ ಚಿಕಿತ್ಸೆಯಿಲ್ಲವೆಂದು ಕೈಬಿಡುವವರೆಂದು ನರವೈದ್ಯರನ್ನು ಉಳಿದ ವೈದ್ಯರು ಹಾಸ್ಯ ಮಾಡುತ್ತಿದ್ದ ಕಾಲವೊಂದಿತ್ತು. 1960ರ ದಶಕದ ಕೊನೆಗೆ ಲೆವೊಡೋಪಾ ಎಂಬ ಔಷಧಿಯು ನಡುಗುರೋಗಕ್ಕೆ ಬಂದಿತು. ನಮ್ಮ ಬೇಲಿಗಳಲ್ಲಿ ಬೆಳೆದು ಮೈಗೆ ತುರಿಕೆ ಹತ್ತಿಸುವ ನಸುಗುನ್ನಿಯ ಬೀಜದಲ್ಲಿಯೂ ಅದೇ ದ್ರವ್ಯವಿದೆಯೆಂಬದು 1937ರಷ್ಟು ಹಿಂದೆಯೇ ಗೊತ್ತಾಗಿತ್ತು. ಲಕ್ವದಲ್ಲಿ ರಕ್ತದ ಹೆಪ್ಪನ್ನು ಕರಗಿಸುವ ಔಷಧಿಯಿಂದ ಹಿತವುಂಟೆಂದು 1995ರಲ್ಲಿ ಸಿದ್ಧವಾಯಿತು. ರಕ್ತನಾಳದೊಳಗೆ ಸಣ್ಣ ನಳಿಕೆಯನ್ನು ಹಾಯಿಸಿ ಹೆಪ್ಪನ್ನೇ ಹೊರಗೆಳೆಯುವ ಕ್ರಮದ ಉಪಯೋಗವು 2015ರ ಪ್ರಯೋಗಗಳಿಂದ ದೃಢಪಟ್ಟಿತು. ಇಪ್ಪತ್ತು ವರುಷಗಳ ಹಿಂದಿನ ಅಭಿಪ್ರಾಯವನ್ನು ಹಿಡಿದು, “ಆ ವಿದ್ಯೆಯಲ್ಲಿ ಏನೂ ಇಲ್ಲ” ಎಂದು ಮಕ್ಕಳಿಗೆ ಹೇಳುವ ಹಿರಿಯ ಬಂಧುಗಳು ಈ ಸಂಗತಿಗಳನ್ನು ಗಮನಿಸಬೇಕು.

ತಡವೆಂಬದು ಬಾಗಿಲಿನ ಲೆಕ್ಕ

ಇನ್ನು ಹಾನಿಯ ಮಾತು. ಮನೆಯವರು ತಡವನ್ನು ವರುಷಗಳಿಂದ ಅಳೆಯುತ್ತಾರೆ: “ನಾಲ್ಕು ವರುಷ ಒಂದನ್ನು ಹೇಳಿ, ಐದನೆಯ ವರುಷ ಇನ್ನೊಂದನ್ನು ಹೇಳಿದಳು” ಎಂದು. ವೈದ್ಯವಿದ್ಯೆಯ ದಾರಿಯಲ್ಲಿ ಈ ಅಳತೆ ಸಾಲದು. ಯಾವ ಬಾಗಿಲನ್ನು ದಾಟಿಯಾಗಿದೆ, ಯಾವದು ಇನ್ನೂ ಮುಂದಿದೆ ಎಂಬದನ್ನು ನೋಡಬೇಕು.

ನಮ್ಮ ದೇಶದಲ್ಲಿ ನರವೈದ್ಯರಾಗುವ ಸಾಮಾನ್ಯ ದಾರಿಯು ಹೀಗಿದೆ. ಎಂ.ಬಿ.ಬಿ.ಎಸ್. ಮತ್ತು ಇಂಟರ್ನ್‌ಶಿಪ್ ಸೇರಿ ಐದೂವರೆ ವರುಷ, ನೀಟ್ ಪಿ.ಜಿ. ಪರೀಕ್ಷೆಯ ಮೂಲಕ ಜನರಲ್ ಮೆಡಿಸಿನ್ನಿನಲ್ಲಿ ಅಥವಾ ಮಕ್ಕಳ ವೈದ್ಯದಲ್ಲಿ ಎಂ.ಡಿ. ಮೂರು ವರುಷ, ಅದರ ಮೇಲೆ ಮತ್ತೊಂದು ಪ್ರವೇಶಪರೀಕ್ಷೆ ಬರೆದು ನ್ಯೂರಾಲಜಿಯಲ್ಲಿ ಡಿ.ಎಂ. ಮೂರು ವರುಷ. ಒಟ್ಟು ಹನ್ನೊಂದೂವರೆ ವರುಷ. ಹದಿನೆಂಟನೆಯ ವಯಸ್ಸಿನಲ್ಲಿ ಪ್ರಾರಂಭಿಸಿದವರು ಎಲ್ಲಿಯೂ ನಿಲ್ಲದಿದ್ದರೆ ಇಪ್ಪತ್ತೊಂಬತ್ತೂವರೆಗೆ ಮುಗಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಎಂ.ಬಿ.ಬಿ.ಎಸ್. ಆದವರನ್ನು ನೇರವಾಗಿಯೇ ನ್ಯೂರಾಲಜಿಗೆ ತೆಗೆದುಕೊಳ್ಳುವ ದೀರ್ಘ ಶಿಕ್ಷಣಕ್ರಮವೂ ಉಂಟು. ಅದಕ್ಕೆ ನೀಟ್ ಬೇರೆ. ಏಮ್ಸ್, ಜಿಪ್ಮರ್ ಮುಂತಾದ ಸಂಸ್ಥೆಗಳೊಡನೆ ಕೂಡಿ ನಡೆಯುವ ಐ.ಎನ್.ಐ.-ಸಿ.ಇ.ಟಿ. ಎಂಬ ಪರೀಕ್ಷೆಯನ್ನು ಬರೆಯಬೇಕು. ಅಲ್ಲಿಯ ಸೀಟುಗಳು ಕೈಬೆರಳಿನಿಂದ ಎಣಿಸುವಷ್ಟು.

ಈಗ ನಮ್ಮ ಕಲ್ಪನೆಯ ಮನೆಗೆ ಬರೋಣ. ಹೃದ್ರೋಗದ ಡಿ.ಎಂ.ಗೂ ನರರೋಗದ ಡಿ.ಎಂ.ಗೂ ಬಾಗಿಲು ಒಂದೇ, ಜನರಲ್ ಮೆಡಿಸಿನ್ನಿನ ಎಂ.ಡಿ. ಮಗಳು ಇಂಟರ್ನ್‌ಶಿಪ್ಪಿನಲ್ಲಿ ಮನಸ್ಸು ಬದಲಿಸಿದ್ದಾಳೆ. ಅಂದರೆ ಆಕೆ ಇನ್ನೂ ಒಂದು ಹೆಜ್ಜೆಯನ್ನೂ ತಪ್ಪಿಟ್ಟಿಲ್ಲ. ಮುಂದಿನ ಮೂರು ವರುಷ ಆಕೆ ಕಲಿಯಬೇಕಾದದ್ದು ಎರಡಕ್ಕೂ ಒಂದೇ. ಮನೆಯಲ್ಲಿ ಅಷ್ಟು ದೊಡ್ಡದಾಗಿ ಕಂಡ ಈ ಬದಲಾವಣೆಯಿಂದ ಒಂದು ದಿನವೂ ಒಂದು ರೂಪಾಯಿಯೂ ನಷ್ಟವಾಗಿಲ್ಲ. ಬೇಕಾದರೆ ಮೂರು ವರುಷಗಳ ತರುವಾಯ ಆಕೆ ತಿರುಗಿ ಹೃದಯದ ಕಡೆಗೇ ಹೋಗಬಹುದು.

ಇದಕ್ಕೆ ವಿರುದ್ಧವಾದ ಪ್ರಸಂಗವನ್ನು ನೋಡಿರಿ. ಇನ್ನೊಬ್ಬ ಹುಡುಗನಿಗೆ ನರವಿದ್ಯೆಯ ಮೇಲೆ ಮನಸ್ಸಿದೆ. ಆದರೆ ಕೌನ್ಸೆಲಿಂಗಿನ ದಿನ ರೇಡಿಯಾಲಜಿಯ ಸೀಟು ಕೈಗೆ ಬರುತ್ತದೆ. ಅದಕ್ಕೆ ಬೇಡಿಕೆ ಬಹಳ. ಮನೆಯವರು, “ಸದ್ಯಕ್ಕ ಇದನ್ನ ತಗೋ, ಮುಂದ ನೋಡೋಣು” ಎನ್ನುತ್ತಾರೆ. ಸಣ್ಣದಾಗಿ ಕಂಡ ಈ ಮಾತಿನಿಂದಲೇ ಬಾಗಿಲು ಮುಚ್ಚಿತು. ರೇಡಿಯಾಲಜಿಯ ಎಂ.ಡಿ.ಯಿಂದ ಮಿದುಳಿನ ಚಿತ್ರಗಳನ್ನು ಓದುವ ಮೇಲಿನ ವಿದ್ಯೆಗೆ ಹೋಗಬಹುದು. ಅರಿವಳಿಕೆಯಿಂದ ನರಶಸ್ತ್ರಕ್ರಿಯೆಯ ಅರಿವಳಿಕೆಗೆ ಹೋಗಬಹುದು. ಜನರಲ್ ಸರ್ಜರಿಯಿಂದ ನ್ಯೂರೋಸರ್ಜರಿಗೆ ಹೋಗಬಹುದು. ಆದರೆ ಇವುಗಳಿಂದ ನ್ಯೂರಾಲಜಿಯ ಡಿ.ಎಂ.ಗೆ ದಾರಿಯಿಲ್ಲ. ಮನೋವೈದ್ಯದ ಎಂ.ಡಿ.ಯೂ ಹೆಸರಿಗೆ ಸಮೀಪವೆನಿಸಿದರೂ ಸಾಮಾನ್ಯವಾಗಿ ಈ ಬಾಗಿಲಿಗೆ ತಂದು ಬಿಡುವದಿಲ್ಲ. ಅವುಗಳನ್ನು ಹಿಡಿದ ಮೇಲೆ ಮನಸ್ಸು ಬದಲಿಸಿದವರು ಸೀಟನ್ನು ಬಿಟ್ಟು, ತಿರುಗಿ ನೀಟ್ ಬರೆದು, ಮೊದಲಿನಿಂದ ಪ್ರಾರಂಭಿಸಬೇಕು. ಸೀಟು ಬಿಡುವದಕ್ಕೂ ಕಟ್ಟಳೆಗಳಿರುತ್ತವೆ, ದಂಡವಿರಬಹುದು, ಕೆಲಕಾಲ ಪರೀಕ್ಷೆಗೆ ಕೂಡದಂತೆ ನಿರ್ಬಂಧವೂ ಇರಬಹುದು. ಈ ನಿಯಮಗಳು ಆಗಾಗ ತಿದ್ದುಪಡಿಯಾಗುವದರಿಂದ ಆಯಾ ವರುಷದ ಪ್ರವೇಶಪುಸ್ತಿಕೆಯನ್ನು ಅಕ್ಷರಶಃ ಓದುವದು ಅವಶ್ಯ. ಹಿಂದಿನ ವರುಷ ಸೇರಿದವರ ಬಾಯಿಮಾತನ್ನು ನಂಬಿ ನಡೆಯಬಾರದು.

ಹೀಗೆ ತೂಗಿ ನೋಡಿದರೆ ಮನೆಯವರು ಚಿಂತೆ ಮಾಡಬೇಕಾದ ದಿನವು ಮಗು ಮನಸ್ಸು ಬದಲಿಸಿದ ದಿನವಲ್ಲ, ಎಂ.ಡಿ. ಸೀಟನ್ನು ಆರಿಸುವ ದಿನ. ಆ ದಿನಕ್ಕಿಂತ ಮೊದಲು ಬಂದ ಬದಲಾವಣೆಯು ತಡವಾದದ್ದೇ ಅಲ್ಲ. ಆ ದಿನದ ತರುವಾಯ ಬಂದದ್ದಕ್ಕೆ ಬೆಲೆ ತೆರಬೇಕಾಗುತ್ತದೆ. ಆಗಲೂ ಲೆಕ್ಕವನ್ನು ಹಾಕಿಯೇ ನೋಡಬೇಕು. ಇಪ್ಪತ್ತೆಂಟರಲ್ಲಿರುವವರಿಗೆ ಅರವತ್ತೈದರ ವರೆಗೆ ದುಡಿಯುವ ಮೂವತ್ತೇಳು ವರುಷಗಳಿರುತ್ತವೆ. ಅದರಲ್ಲಿ ಒಂದೆರಡು ವರುಷ ಹೋದವೆಂದು ಉಳಿದ ಮೂವತ್ತೈದನ್ನು ಒಲ್ಲದ ಕೆಲಸದಲ್ಲಿ ಕಳೆಯುವದು ಯಾವ ವ್ಯಾಪಾರಿಯೂ ಒಪ್ಪುವ ಲೆಕ್ಕವಲ್ಲ. ಎಂ.ಡಿ. ಓದುವವರಿಗೆ ವಿದ್ಯಾರ್ಥಿವೇತನವು ದೊರೆಯುವದರಿಂದ ಆ ವರುಷಗಳ ಭಾರವೆಲ್ಲ ತಂದೆಯ ಮೇಲೆ ಬೀಳುವದಿಲ್ಲವೆಂಬದನ್ನೂ ಗಣಿಸಬೇಕು. ಸಾಲ ಮಾಡಿ ಖಾಸಗಿ ಕಾಲೇಜಿನಲ್ಲಿ ಸೀಟು ಕೊಂಡ ಮನೆಯ ಸ್ಥಿತಿ ಬೇರೆ. ಅಲ್ಲಿ ಮನಸ್ಸಿನ ಒಲವಿನಷ್ಟೇ ಸಾಲದ ಕಂತಿಗೂ ಮಾತಾಡುವ ಹಕ್ಕುಂಟು.

ಹೊರನಾಡಿನ ರೀತಿ

ನಮ್ಮ ಕನ್ನಡ ಮನೆತನಗಳ ಮಕ್ಕಳು ಅನೇಕರು ಅಮೇರಿಕೆಗೆ ಹೋಗಿ ಈ ವಿದ್ಯೆಯನ್ನು ಕಲಿಯುತ್ತಾರೆ. ಅಲ್ಲಿಯೇ ಹುಟ್ಟಿ ಬೆಳೆದವರೂ ಉಂಟು. ಅಲ್ಲಿಯ ಪದ್ಧತಿಯು ನಮ್ಮದಕ್ಕಿಂತ ತೀರ ಭಿನ್ನವಾಗಿದೆ. ಅಲ್ಲಿ ನ್ಯೂರಾಲಜಿಯ ರೆಸಿಡೆನ್ಸಿಯು ನಾಲ್ಕು ವರುಷಗಳದು: ಮೊದಲನೆಯದು ಮುಖ್ಯವಾಗಿ ಜನರಲ್ ಮೆಡಿಸಿನ್, ಉಳಿದ ಮೂರು ನರವಿದ್ಯೆ. ಸಪ್ಟೆಂಬರದಲ್ಲಿ ಅರ್ಜಿಗಳನ್ನು ಕಳುಹಿಸಬೇಕು. ಚಳಿಗಾಲದಲ್ಲಿ ಸಂದರ್ಶನಗಳು ನಡೆಯುತ್ತವೆ. ವಿದ್ಯಾರ್ಥಿಯು ತನಗೆ ಬೇಕಾದ ಆಸ್ಪತ್ರೆಗಳನ್ನೂ ಆಸ್ಪತ್ರೆಗಳು ತಮಗೆ ಬೇಕಾದ ವಿದ್ಯಾರ್ಥಿಗಳನ್ನೂ ಅನುಕ್ರಮವಾಗಿ ಬರೆದುಕೊಟ್ಟ ಮೇಲೆ ಎರಡನ್ನೂ ಹೊಂದಿಸಿ, ಮಾರ್ಚಿಯ ಮೂರನೆಯ ಶುಕ್ರವಾರ ಫಲವನ್ನು ಪ್ರಕಟಿಸುತ್ತಾರೆ. ‘ಮ್ಯಾಚ್’ ಎಂದು ಕರೆಯುವ ಈ ಏರ್ಪಾಡು 1952ರಿಂದ ನಡೆದಿದೆ.

ನಮ್ಮಲ್ಲಿ ಕೌನ್ಸೆಲಿಂಗಿನ ಕಟ್ಟೆಯು ಅಂಕಗಳ ಅನುಕ್ರಮವನ್ನಷ್ಟೇ ಕೇಳುತ್ತದೆ, ಆಸಕ್ತಿಯನ್ನು ಕೇಳುವದಿಲ್ಲ. ಅಲ್ಲಿ ಆಸಕ್ತಿಯ ಪ್ರಮಾಣವನ್ನೇ ಕೇಳುತ್ತಾರೆ. ನಾಲ್ಕು ವರುಷ ಹೃದಯದ ಮೇಲೆ ಸಂಶೋಧನೆ ಮಾಡಿ, ಬೇಸಿಗೆಯಲ್ಲಿ ನರವಿದ್ಯೆಗೆ ಹೊರಳಿದವನು ಸಪ್ಟೆಂಬರದ ಒಳಗೆ ಏನು ಮಾಡಬೇಕು? ಒಂದು ತಿಂಗಳಾದರೂ ನರರೋಗಿಗಳ ವಾರ್ಡಿನಲ್ಲಿ ಕೆಲಸ ಮಾಡಬೇಕು. ತನ್ನ ಕೆಲಸವನ್ನು ಕಣ್ಣಾರೆ ಕಂಡ ನರವೈದ್ಯರಿಂದ ಒಂದೆರಡು ಶಿಫಾರಸು ಪತ್ರಗಳನ್ನು ಪಡೆಯಬೇಕು. ತನ್ನ ಮನೋಗತವನ್ನು ತಿಳಿಸುವ ಬರೆಹದಲ್ಲಿ ಬದಲಾವಣೆಯ ಕಾರಣವನ್ನು ಮುಚ್ಚಿಡದೆ ಹೇಳಬೇಕು. ಹಳೆಯ ಸಂಶೋಧನೆಯನ್ನು ಅಡಗಿಸುವ ಅವಶ್ಯಕತೆಯಿಲ್ಲ. ಹೃದಯದ ತಾಳ ತಪ್ಪಿದಾಗ ಅಲ್ಲಿ ಹುಟ್ಟಿದ ಹೆಪ್ಪು ಮಿದುಳಿಗೇರಿ ಲಕ್ವ ಹೊಡೆಯುತ್ತದೆ. ಅಂದ ಮೇಲೆ ಹೃದಯವನ್ನು ಬಲ್ಲ ನರವೈದ್ಯನು ಯಾರಿಗೆ ಬೇಡವಾದಾನು? ಹಿಂದಿನ ಕಲಿಕೆಯು ಹೊಸ ದಾರಿಗೆ ಹೇಗೆ ಒದಗುವದೆಂದು ತೋರಿಸಬಲ್ಲವನ ಬದಲಾವಣೆಯನ್ನು ಪರೀಕ್ಷಕರು ದೋಷವೆಂದು ಎಣಿಸುವ ಸಂಭವ ಕಡಮೆ.

ಹೊರಳಿ ನಡೆದವರು

ನರವಿದ್ಯೆಯ ಇತಿಹಾಸದಲ್ಲಿ ತಡವಾಗಿ ಬಂದವರ ಹೆಸರುಗಳೇನೂ ವಿರಳವಲ್ಲ. ಸ್ಪೇನ್ ದೇಶದ ಸಾಂಟಿಯಾಗೋ ರಾಮೋನ್ ಈ ಕಹಾಲ್ ಅವರು 1852ರಲ್ಲಿ ಜನಿಸಿದರು. ಬಾಲ್ಯದಲ್ಲಿ ಚಿತ್ರಕಾರನಾಗಬೇಕೆಂಬ ಹಂಬಲ; ತಂದೆಯವರ ಒತ್ತಾಯದಿಂದ ವೈದ್ಯವಿದ್ಯೆ. ವಾಲೆನ್ಸಿಯಾದಲ್ಲಿ ಅಂಗರಚನೆಯ ಪ್ರಾಧ್ಯಾಪಕರಾಗಿದ್ದಾಗ, 1885ರಲ್ಲಿ, ಕಾಲರಾ ಬೇನೆಯು ಹಬ್ಬಿತು. ಅವರು ರೋಗಾಣುಗಳ ಶೋಧನೆಯಲ್ಲಿ ತೊಡಗಿ ಅಲ್ಲಿಯೂ ಹೆಸರು ಪಡೆದರು. 1887ರಲ್ಲಿ ಮ್ಯಾಡ್ರಿಡ್ಡಿಗೆ ಹೋದಾಗ ಲೂಯಿಸ್ ಸಿಮಾರೋ ಎಂಬವರು ಗಾಲ್ಜಿಯ ಪದ್ಧತಿಯಿಂದ ಬಣ್ಣ ಹಾಕಿದ ನರತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಆಗ ಅವರಿಗೆ ಮೂವತ್ತೈದು ವರುಷ. ಅಂದಿನಿಂದ ನರಮಂಡಲವೇ ಅವರ ಜೀವನದ ಕೆಲಸವಾಯಿತು. ಮಿದುಳು ಒಂದೇ ಬಲೆಯಾಗಿರದೆ, ಬಿಡಿಬಿಡಿ ಕೋಶಗಳಿಂದ ಆದದ್ದೆಂದು ಅವರು ತೋರಿಸಿಕೊಟ್ಟರು. 1906ರಲ್ಲಿ ಗಾಲ್ಜಿಯವರೊಡನೆ ಅವರಿಗೆ ನೊಬೆಲ್ ಬಹುಮಾನ ಬಂದಿತು. ಬಾಲ್ಯದಲ್ಲಿ ಬಿಟ್ಟುಬಂದ ಚಿತ್ರಕಲೆಯೂ ವ್ಯರ್ಥವಾಗಲಿಲ್ಲ. ನರಕೋಶಗಳನ್ನು ಕುರಿತು ಅವರು ಕೈಯಿಂದ ಬರೆದ ಚಿತ್ರಗಳನ್ನು ಇಂದಿಗೂ ಜನರು ಮೆಚ್ಚಿ ನೋಡುತ್ತಾರೆ.

ನೆರೆಯ ಮದ್ರಾಸಿನ ಬಿ. ರಾಮಮೂರ್ತಿಯವರು ಸಾಮಾನ್ಯ ಶಸ್ತ್ರವೈದ್ಯದಲ್ಲಿ ಎಫ್.ಆರ್.ಸಿ.ಎಸ್. ಪದವಿಯನ್ನು ಪಡೆದ ಮೇಲೆ ಇಂಗ್ಲಂಡದ ನ್ಯೂಕ್ಯಾಸಲ್ಲಿನಲ್ಲಿ ಮಿದುಳಿನ ಶಸ್ತ್ರವಿದ್ಯೆಯನ್ನು ಕಲಿತು, 1950ರಲ್ಲಿ ಮರಳಿ ಬಂದು ಮದ್ರಾಸಿನ ಸರಕಾರಿ ಆಸ್ಪತ್ರೆಯಲ್ಲಿ ಆ ವಿಭಾಗವನ್ನು ಕಟ್ಟಿದರು. ಅವರಿಗಿಂತ ಒಂದು ವರುಷ ಮೊದಲು, 1949ರಲ್ಲಿ, ವೆಲ್ಲೂರಿನಲ್ಲಿ ಇಂಥದೇ ವಿಭಾಗವನ್ನು ತೆರೆದ ಜೇಕಬ್ ಚಾಂಡಿಯವರೂ ಬಹರೇನಿನ ಮಿಶನ್ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸಿದ ತರುವಾಯ ಕೆನಡಾದಲ್ಲಿ ಈ ವಿದ್ಯೆಯನ್ನು ಕಲಿತವರು.

ನಮ್ಮ ನಾಡಿನ ನಿಮ್ಹಾನ್ಸ್ ಸಂಸ್ಥೆಯೇ ದಾರಿಯನ್ನು ವಿಸ್ತರಿಸಿಕೊಂಡದ್ದಕ್ಕೆ ನಿದರ್ಶನವಾಗಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹುಚ್ಚರ ಆಶ್ರಯವಾಗಿ ಹುಟ್ಟಿದ ಸಂಸ್ಥೆಯು ಮುಂದೆ ಮಾನಸಿಕ ಆಸ್ಪತ್ರೆಯಾಯಿತು, ಎಂ. ವಿ. ಗೋವಿಂದಸ್ವಾಮಿಯವರ ಕಾಲದಲ್ಲಿ, 1954ರಲ್ಲಿ, ಅದರ ಬದಿಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾಯಿತು. 1974ರಲ್ಲಿ ಎರಡೂ ಕೂಡಿ, ನರವಿಜ್ಞಾನವನ್ನು ತನ್ನ ಹೆಸರಿನಲ್ಲಿಯೇ ಹೊತ್ತ ಇಂದಿನ ಸಂಸ್ಥೆಯಾಯಿತು. ನರಶಸ್ತ್ರವೈದ್ಯರಾದ ಆರ್. ಎಂ. ವರ್ಮಾ ಅವರು ಅದರ ಸ್ಥಾಪಕ ನಿರ್ದೇಶಕರು.

ಆದರೆ ಈ ಹಿರಿಯರ ಹೆಸರನ್ನು ಹೇಳಿ ಎಲ್ಲ ಬದಲಾವಣೆಯನ್ನೂ ಸಮರ್ಥಿಸಲಾಗದು. ಅವರು ಹೊಸದನ್ನು ಹಿಡಿದ ಮೇಲೆ ಬಿಡಲಿಲ್ಲ. ಹಿಂದೆ ಕಲಿತದ್ದನ್ನು ಕಳೆದುಕೊಳ್ಳಲೂ ಇಲ್ಲ.

ಹಿರಿಯರು ಕೇಳಬೇಕಾದ ಪ್ರಶ್ನೆಗಳು

ಹಾಗಾದರೆ ಮಗುವಿನ ಹೊಸ ಆಸಕ್ತಿಯು ನಿಜವಾದದ್ದೆಂದು ತಿಳಿಯುವದು ಹೇಗೆ? ವೈದ್ಯವಿದ್ಯೆಯನ್ನು ಅರಿಯದ ತಂದೆತಾಯಿಗಳೂ ಮೂರು ಪ್ರಶ್ನೆಗಳನ್ನು ಕೇಳಬಹುದು.

ಮೊದಲನೆಯದು: ಏನನ್ನು ಕಂಡು ಮನಸ್ಸು ಹೊರಳಿತು? ಇಂಥ ರೋಗಿಯನ್ನು ಕಂಡೆ, ಇಷ್ಟು ದಿನ ಅವನ ಬಳಿ ಇದ್ದೆ, ಇಂಥದು ತಿಳಿಯಿತು ಎಂದು ವಿದ್ಯಾರ್ಥಿಯು ವಿವರವಾಗಿ ಹೇಳಬಲ್ಲವನಾದರೆ ಆ ಆಸಕ್ತಿಗೆ ಬೇರಿದೆ. ಗೆಳೆಯನು ಹೇಳಿದ, ಫೋನಿನಲ್ಲಿ ಒಂದು ಭಾಷಣ ಕೇಳಿದೆ ಎಂಬಷ್ಟೇ ಉತ್ತರ ಬಂದರೆ ಇನ್ನೂ ಎರಡು ತಿಂಗಳು ವಾರ್ಡಿನಲ್ಲಿ ಕೆಲಸ ಮಾಡಿ ಬಾ ಎನ್ನಬೇಕು.

ಎರಡನೆಯದು: ಆ ವಿದ್ಯೆಯ ಕಹಿಯನ್ನು ಕಂಡಿದ್ದೀಯಾ? ನರವಿದ್ಯೆಯಲ್ಲಿ ಜಾಣತನದ ಆನಂದವಿರುವಂತೆ ಕೈಚೆಲ್ಲುವ ಗಳಿಗೆಗಳೂ ಉಂಟು. ಸ್ನಾಯುಗಳೆಲ್ಲ ಒಂದೊಂದಾಗಿ ಸೋಲುವ ಮೋಟರ್ ನ್ಯೂರಾನ್ ರೋಗವನ್ನು ಇಂದಿಗೂ ನಿಲ್ಲಿಸಲಾಗುವದಿಲ್ಲ. ಮರೆವಿನ ರೋಗ ಹಿಡಿದ ತಾಯಿಯು ಮಗನನ್ನೇ ಗುರುತಿಸದಾಗ ವೈದ್ಯನು ಮನೆಯವರ ಬಳಿ ಕುಳಿತು ಮಾತಾಡಬೇಕಾಗುತ್ತದೆ. ಲಕ್ವದ ರೋಗಿಗಾಗಿ ನಡುರಾತ್ರಿಯಲ್ಲಿ ಓಡಬೇಕಾಗುತ್ತದೆ. ಇವನ್ನೆಲ್ಲ ಕಂಡೂ ಬೇಕೆನ್ನುವವರಿಗೆ ಅದು ತಕ್ಕ ವಿದ್ಯೆ.

ಮೂರನೆಯದು: ಹಳೆಯದನ್ನು ಬಿಟ್ಟದ್ದೇಕೆ? ಹೊಸದರ ಕಡೆಗೆ ಹೋಗುವವರು ಬೇರೆ, ಹಳೆಯದರಿಂದ ಓಡುವವರು ಬೇರೆ. ಒಬ್ಬ ಕಠಿಣ ಅಧ್ಯಾಪಕರ ಮಾತಿನಿಂದ ನೊಂದು, ಅಥವಾ ಒಂದು ಪರೀಕ್ಷೆಯಲ್ಲಿ ಅಂಕ ಕಡಮೆ ಬಂದವೆಂದು ದಾರಿ ಬಿಟ್ಟವನಿಗೆ ಹೊಸ ದಾರಿಯಲ್ಲಿಯೂ ಕಠಿಣ ಅಧ್ಯಾಪಕರು ಸಿಕ್ಕೇ ಸಿಗುತ್ತಾರೆ.

ಇಲ್ಲಿ ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತನ್ನು ಹೇಳದಿರಲಾಗದು. ಮಗನು ದಾರಿ ಬದಲಿಸಿದರೆ ವಿಚಾರವಂತನೆನ್ನುವ ಮನೆಯೇ ಮಗಳು ಬದಲಿಸಿದರೆ ಹಟಮಾರಿಯೆನ್ನುವದುಂಟು. ವರುಷಗಳ ಲೆಕ್ಕವು ಆಕೆಗೆ ಮಾತ್ರ ಮದುವೆಯ ಲೆಕ್ಕವಾಗಿ ತಿರುಗುತ್ತದೆ. ಮೇಲಿನ ಮೂರು ಪ್ರಶ್ನೆಗಳಿಗೆ ಸರಿಯಾದ ಉತ್ತರ ಕೊಟ್ಟ ಮಗಳಿಗೆ ನಾಲ್ಕನೆಯ ಪ್ರಶ್ನೆಯನ್ನು ಹಾಕಬಾರದು.

ನಮ್ಮ ಊರಿಗೆ ಇದರಿಂದೇನು?

ಇದು ಒಂದು ಮನೆಯ ಪ್ರಶ್ನೆಯೆಂದು ಬಿಡುವಂತಿಲ್ಲ. ಲಕ್ವದಲ್ಲಿ ಹೆಪ್ಪು ಕರಗಿಸುವ ಔಷಧಿಯನ್ನು ಲಕ್ಷಣಗಳು ಕಂಡ ನಾಲ್ಕೂವರೆ ತಾಸಿನ ಒಳಗೆ ಕೊಡಬೇಕು. ಕೊಡುವದಕ್ಕೆ ಮುಂಚೆ ಮಿದುಳಿನಲ್ಲಿ ರಕ್ತಸ್ರಾವವಿಲ್ಲವೆಂದು ಸಿ.ಟಿ.ಯಿಂದ ನೋಡಬೇಕು. ಬ್ಯಾಡಗಿಯಿಂದ ಹುಬ್ಬಳ್ಳಿಗೆ ಸುಮಾರು ಎರಡು ತಾಸಿನ ಹಾದಿ. ಮುಖ ಸೊಟ್ಟಾಯಿತೇ, ಒಂದು ಕೈ ಎತ್ತಲಾಗದೇ, ಮಾತು ತೊದಲಿತೇ ಎಂದು ಮನೆಯವರು ಕೂಡಲೆ ಗುರುತಿಸಿ ಹೊರಡದೆ, ಬೆಳಗಾಗಲೆಂದು ಕಾದರೆ ಅವಧಿಯು ಮೀರಿಹೋಗುತ್ತದೆ. ಈ ವಿದ್ಯೆಯನ್ನು ಬಲ್ಲವರು ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿಯೇ ಹೆಚ್ಚಾಗಿ ನೆಲೆಸಿರುವದರಿಂದ ಜಿಲ್ಲೆಯ ಊರುಗಳಿಗೆ ಅವರ ಅಭಾವವು ನಿತ್ಯದ ಅನುಭವವಾಗಿದೆ.

ನಮ್ಮ ಮನೆಗಳನ್ನು ಬಲ್ಲ ನರವೈದ್ಯರು ನಮಗೆ ಬೇಕು. ತಲೆಯ ಮೇಲೆ ಸುಡುವ ನೀರು ಸುರಿದುಕೊಂಡು ಸ್ನಾನ ಮಾಡುವ ಪದ್ಧತಿಯು ದಕ್ಷಿಣ ಕರ್ನಾಟಕದಲ್ಲಿ ರೂಢವಾದದ್ದು. ಹಾಗೆ ಸ್ನಾನ ಮಾಡುವಾಗಲೇ ಕೆಲವರಿಗೆ ಫಿಟ್ಸ್ ಬರುತ್ತದೆ. ಇಂಥ ರೋಗಿಯ ಮೊದಲ ವರದಿಯು 1945ರಲ್ಲಿ ನ್ಯೂಜಿಲಂಡದಿಂದ ಬಂದರೂ, ಅದು ನಮ್ಮಲ್ಲಿ ವಿರಳವಲ್ಲವೆಂಬದನ್ನು ಬೆಂಗಳೂರಿನ ಕೆ. ಎಸ್. ಮಣಿ ಮತ್ತು ಅವರ ಸಂಗಡಿಗರು 1968ರಲ್ಲಿ ಪ್ರಕಟಿಸಿದ ಲೇಖನವು ತೋರಿಸಿತು. ಸ್ನಾನದ ನೀರು ಎಷ್ಟು ಬಿಸಿ, ತಲೆಯ ಮೇಲೆ ಎಷ್ಟು ತಂಬಿಗೆ ಸುರಿದಿರಿ ಎಂದು ಕೇಳುವ ವೈದ್ಯರಿಗೇ ಆ ರೋಗವು ತಿಳಿದೀತು. ನೀರಿನ ಬಿಸಿಯನ್ನು ಕಡಮೆ ಮಾಡುವದೇ ಅನೇಕರಿಗೆ ಚಿಕಿತ್ಸೆಯ ಮೊದಲ ಹೆಜ್ಜೆ. ಮಣಿಯವರೇ ಮುಂದೆ ತಮ್ಮ ಸಂಗಡಿಗರೊಡನೆ ಯಳಂದೂರಿನ ಹಳ್ಳಿಗಳಲ್ಲಿ, ಮೂರ್ಛೆರೋಗವನ್ನು ಕಡಮೆ ಬೆಲೆಯ ಔಷಧಿಯಿಂದ ಹತೋಟಿಯಲ್ಲಿಡುವ ಕ್ರಮವನ್ನು ನಡೆಸಿ ತೋರಿಸಿದರು. ಸಾಮಾನ್ಯ ವೈದ್ಯದಲ್ಲಿ ಪಳಗಿ, ಹಳ್ಳಿಯ ಆಸ್ಪತ್ರೆಗಳನ್ನು ಕಂಡು, ಆಮೇಲೆ ನರವಿದ್ಯೆಗೆ ಬಂದವರಿಗೆ ಇಂಥ ಕೆಲಸವು ಸುಲಭವಾಗಿ ಒಗ್ಗುತ್ತದೆ. ತಡವಾಗಿ ಬಂದದ್ದರ ಒಂದು ಲಾಭವೆಂದೇ ಇದನ್ನು ಎಣಿಸಬಹುದು.

ಆದುದರಿಂದ ಗೃಹಸ್ಥರಾದ ವಾಚಕರಲ್ಲಿ ನಮ್ಮ ಸೂಚನೆಯಿಷ್ಟೇ. ಮಗನೋ ಮಗಳೋ ದಾರಿ ಬದಲಿಸುವೆನೆಂದಾಗ ಒಮ್ಮೆಲೆ ಹೌದೆಂದೂ ಅಲ್ಲವೆಂದೂ ಹೇಳಬೇಡಿರಿ. ಒಂದು ಸಂಜೆ ಬಿಡುವು ಮಾಡಿಕೊಂಡು ಕೂಡಿರಿ. ಒಂದು ಕಾಗದದ ಮೇಲೆ ಮುಂದಿರುವ ಪರೀಕ್ಷೆಗಳ ಹೆಸರನ್ನೂ ಅರ್ಜಿಯ ಕೊನೆಯ ದಿನಗಳನ್ನೂ, ಯಾವ ಎಂ.ಡಿ.ಯಿಂದ ಯಾವ ಬಾಗಿಲು ತೆರೆಯುವದೆಂಬದನ್ನೂ ಮಗುವಿನ ಕೈಯಿಂದಲೇ ಬರೆಯಿಸಿರಿ. ಮೂರು ಪ್ರಶ್ನೆಗಳನ್ನು ಕೇಳಿರಿ. ಉತ್ತರವನ್ನು ನಡುವೆ ಬಾಯಿ ಹಾಕದೆ ಕೇಳಿಕೊಳ್ಳಿರಿ. ಮನೆಯಿಂದ ಎಷ್ಟು ವರುಷ, ಎಷ್ಟು ಹಣ ಸಾಧ್ಯವೆಂಬದನ್ನು ಮುಚ್ಚುಮರೆಯಿಲ್ಲದೆ ತಿಳಿಸಿರಿ. ನಿರ್ಧಾರವನ್ನು ಮಾತ್ರ ಓದುವವರಿಗೇ ಬಿಡಿರಿ. ಮುಂದಿನ ಮೂವತ್ತೈದು ವರುಷ ಆ ವಾರ್ಡಿಗೆ ಬೆಳಗಿನಲ್ಲಿ ಎದ್ದು ಹೋಗಬೇಕಾದವರು ಅವರು. ಅಂಗಡಿಗೆ ಬಂದವರು ಕೇಳಿದರೆ, ಹುಡುಗಿ ನರದ ವೈದ್ಯಳಾಗುತ್ತಾಳಂತೆ ಎಂದು ಹೊಸ ಮಾತನ್ನು ಹೇಳಲು ಯಜಮಾನರಿಗೆ ಅರ್ಧ ನಿಮಿಷ ಸಾಕು.